ಬಿಸಿಯೂಟದ ಹೊತ್ತು, ಮಾತ್ರೆಯ ಅವಧಿ: ಅರಸೀಕೆರೆ–ಬೇಲೂರು–ಹಳೇಬೀಡು ಭಾಗದಲ್ಲಿ ಎಡಿಎಚ್‌ಡಿ ಔಷಧದ ಆಯ್ಕೆ

ಅರಸೀಕೆರೆ, ಬೇಲೂರು, ಹಳೇಬೀಡಿನ ಸರ್ಕಾರಿ ಶಾಲೆಗಳಲ್ಲಿ ಬೆಳಗ್ಗೆ ಹತ್ತರ ಆಸುಪಾಸಿಗೆ ಪಾಠ ಶುರುವಾಗಿ ಸಂಜೆ ನಾಲ್ಕು ದಾಟಿದ ಮೇಲೆ ಮುಗಿಯುತ್ತದೆ. ನಡುವೆ ಬಿಸಿಯೂಟ. ಶನಿವಾರ ಬೆಳಗಿನ ತರಗತಿ ಮಾತ್ರ. ಎಡಿಎಚ್‌ಡಿ ಇರುವ ಮಗುವಿಗೆ ಅಲ್ಪಾವಧಿಯ ಮಾತ್ರೆಯೋ ದೀರ್ಘಾವಧಿಯದೋ ಎಂದು ಕೇಳಿದರೆ ಔಷಧಶಾಸ್ತ್ರ ಗಂಟೆಗಳ ಲೆಕ್ಕ ಕೊಡುತ್ತದೆ. ಆ ಲೆಕ್ಕವನ್ನು ಈ ಊರುಗಳ ಮಗುವಿನ ದಿನಚರಿಯ ಪಕ್ಕದಲ್ಲಿಟ್ಟು ಓದಬೇಕೆಂಬುದು ಈ ಲೇಖನದ ವಾದ.

ನಮ್ಮಲ್ಲಿ ಈ ತೊಂದರೆಗೆ ಬರೆದುಕೊಡುವ ಚೇತಕ ಔಷಧವೆಂದರೆ ಮುಖ್ಯವಾಗಿ ಮಿಥೈಲ್‌ಫೆನಿಡೇಟ್. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನತಜ್ಞ ಲಿಯಾಂಡ್ರೊ ಪಾನಿಜೋನ್ ತಯಾರಿಸಿದ್ದು ಅದು. ಅದರ ಸಾದಾ ಮಾತ್ರೆಯ ಪರಿಣಾಮ ಮೂರ್ನಾಲ್ಕು ಗಂಟೆ. ನಿಧಾನವಾಗಿ ಕರಗುವ ಹಳೆಯ ಬಗೆಯದು ಸುಮಾರು ಎಂಟು ಗಂಟೆ. 2000ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕಾನ್ಸರ್ಟಾ ಹೊರಲೇಪದಿಂದ ಶೇ. 22ರಷ್ಟು ಔಷಧವನ್ನು ಮೊದಲೇ ಬಿಟ್ಟು, ಉಳಿದದ್ದನ್ನು ಒಳಗಿನ ಪರಾಸರಣದ ಒತ್ತಡದಿಂದ ಮೆಲ್ಲಮೆಲ್ಲನೆ ಹೊರದಬ್ಬಿ ಹನ್ನೆರಡು ಗಂಟೆಯವರೆಗೆ ಕೆಲಸ ಮಾಡುತ್ತದೆ. ಇದನ್ನು ಅಗಿಯಬಾರದು, ಪುಡಿ ಮಾಡಬಾರದು, ಇಡಿಯಾಗಿ ನುಂಗಬೇಕು. ಮಾತ್ರೆಯನ್ನು ಅರೆದು ಜೇನಿನಲ್ಲಿ ಕಲಸಿ ಮಕ್ಕಳಿಗೆ ನೆಕ್ಕಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಬೇರೂರಿರುವುದರಿಂದ ಈ ಮಾತನ್ನು ತಾಯಿಗೆ ಎರಡು ಸಲ ಹೇಳಬೇಕು.

ಸಾದಾ ಮಾತ್ರೆ ಒಳ್ಳೆಯ ಫಲ ಕೊಡುತ್ತದೆ ಎನ್ನುವವರು 1999ರಲ್ಲಿ ಪ್ರಕಟವಾದ ಅಮೆರಿಕದ ಎಂಟಿಎ ಅಧ್ಯಯನವನ್ನು ಮುಂದಿಡುತ್ತಾರೆ. 579 ಮಕ್ಕಳನ್ನು 14 ತಿಂಗಳ ಕಾಲ ನೋಡಿಕೊಂಡ ಅಧ್ಯಯನವದು. ಆದರೆ ಅಲ್ಲಿ ಔಷಧ ಪಡೆದ ಮಕ್ಕಳಿಗೆ ದಿನಕ್ಕೆ ಮೂರು ಬಾರಿ ಮಾತ್ರೆ ಕೊಟ್ಟು, ತಿಂಗಳು ತಿಂಗಳು ತಪಾಸಣೆ ಮಾಡುತ್ತಿದ್ದರು. ಹೊರಗಿನ ವೈದ್ಯರಿಂದ ಔಷಧ ಪಡೆದ ಮಕ್ಕಳು ಬಹುಪಾಲು ದಿನಕ್ಕೆ ಎರಡೇ ಬಾರಿ, ಒಟ್ಟು ಪ್ರಮಾಣದಲ್ಲೂ ಕಡಿಮೆ ತೆಗೆದುಕೊಂಡರು. ಅವರಲ್ಲಿ ಸುಧಾರಣೆಯೂ ಕಡಿಮೆ. ಆದ್ದರಿಂದ ಬೆಳಗ್ಗೆ ಒಂದೇ ಮಾತ್ರೆ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿಗೆ ಆ ಅಧ್ಯಯನ ಆಧಾರವಾಗದು.

ದೀರ್ಘಾವಧಿಯ ಮಾತ್ರೆಯ ಪರವಾದ ಬಲವಾದ ಕಾರಣ ಮಧ್ಯಾಹ್ನದ ಗುಳಿಗೆಯ ತಾಪತ್ರಯ ತಪ್ಪುವುದು. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಶಾಲೆಯಲ್ಲಿ ಮಾತ್ರೆ ನುಂಗುವ ಮುಜುಗರವಿಲ್ಲ, ಮರೆವು ಕಡಿಮೆ, ದುರ್ಬಳಕೆಯ ಭಯವೂ ಕಡಿಮೆ. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಎಲ್ಲರ ಎದುರು ಒಬ್ಬನನ್ನೇ ಕರೆದು ಮಾತ್ರೆ ಕೊಟ್ಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಆದರೆ ಈ ಔಷಧ ಹಸಿವನ್ನು ಕುಗ್ಗಿಸುತ್ತದೆ. ದೀರ್ಘಾವಧಿಯ ಮಾತ್ರೆ ಪೂರ್ತಿ ಕೆಲಸದಲ್ಲಿರುವ ಹೊತ್ತಿಗೇ ಬಿಸಿಯೂಟದ ಗಂಟೆ ಹೊಡೆಯುತ್ತದೆ. ಪೇಟೆಯ ಮಗು ಅನ್ನ ಬಿಟ್ಟರೆ ಮನೆಗೆ ಬಂದು ಇನ್ನೇನೋ ತಿನ್ನಬಹುದು. ತೆಂಗಿನ ತೋಟದ ಕೂಲಿಯವರ ಮಗುವಿಗೆ ದಿನದ ಹೊಟ್ಟೆತುಂಬಾ ಊಟ ಅದೊಂದೇ ಆಗಿದ್ದರೆ? ಈ ನಷ್ಟವನ್ನು ಅಡ್ಡಪರಿಣಾಮಗಳ ಪಟ್ಟಿಯ ಕೊನೆಗೆ ತಳ್ಳುವುದನ್ನು ನಾನು ಒಪ್ಪಲಾರೆ. ಬೆಳಗ್ಗೆ ಒಂಬತ್ತಕ್ಕೆ ತಿಂಡಿಯ ಜೊತೆ ಕೊಟ್ಟ ಸಾದಾ ಮಾತ್ರೆ ಒಂದು ಗಂಟೆಯ ಹೊತ್ತಿಗೆ ಇಳಿಮುಖವಾಗಿರುತ್ತದೆ. ಮಗು ಉಂಡ ಮೇಲೆ ಇನ್ನೊಂದು ಕೊಟ್ಟರೆ ಮಧ್ಯಾಹ್ನದ ಪಾಠವೂ ದಕ್ಕುತ್ತದೆ. ಶನಿವಾರಕ್ಕಂತೂ ಒಂದೇ ಮಾತ್ರೆ ಸಾಕು. ಈ ಕ್ರಮದಲ್ಲಿ ಪರಿಣಾಮ ಇಳಿಯುವಾಗ ಕೆಲವು ಮಕ್ಕಳು ಸಿಡುಕುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾನೂನಿನ ತೊಡಕು ಬೇರೆ. ಮಿಥೈಲ್‌ಫೆನಿಡೇಟ್ ಔಷಧ ನಿಯಮಗಳ ಷೆಡ್ಯೂಲ್ ಎಕ್ಸ್‌ನಲ್ಲಿದೆ. ವೈದ್ಯರ ಚೀಟಿ ಎರಡು ಪ್ರತಿಯಲ್ಲಿರಬೇಕು. ಅಂಗಡಿಯವರು ಒಂದನ್ನು ಎರಡು ವರ್ಷ ಇಟ್ಟುಕೊಳ್ಳಬೇಕು, ದಾಸ್ತಾನನ್ನು ಬೀಗ ಹಾಕಿದ ಕಪಾಟಿನಲ್ಲಿಡಬೇಕು. ಇದಕ್ಕೆ ಪ್ರತ್ಯೇಕ ಪರವಾನಗಿ ಬೇಕಾದ್ದರಿಂದ ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಸಿಗುವ ಮಾತಿಲ್ಲ. ಬಸ್ಸಿಗೆ ದುಡ್ಡು ಕೊಟ್ಟು, ಒಂದು ದಿನದ ಕೂಲಿ ಬಿಟ್ಟು ತರಬೇಕಾದ ಔಷಧ ನಡುವೆ ನಿಂತುಹೋದರೆ ಯಾವ ಬಗೆಯ ಮಾತ್ರೆಯಾದರೂ ಒಂದೇ. ಹಾಗಾಗಿ ಸುತ್ತಮುತ್ತ ತಪ್ಪದೆ ಸಿಗುವುದು ಯಾವುದೆಂದು ಚೀಟಿ ಬರೆಯುವ ಮೊದಲೇ ವಿಚಾರಿಸುವುದು ಚಿಕಿತ್ಸೆಯ ಭಾಗವೇ.

ನನ್ನ ನಿಲುವು ಇಷ್ಟು. ಪ್ರಮಾಣ ಹೊಂದಿಸುವ ಮೊದಲ ವಾರಗಳಲ್ಲಿ ಸಾದಾ ಮಾತ್ರೆಯೇ ಇರಲಿ. ಎಷ್ಟು ಮಿಲಿಗ್ರಾಂ ಎಷ್ಟು ಹೊತ್ತು ಹಿಡಿಯುತ್ತದೆಂದು ಅದರಲ್ಲೇ ಸ್ಪಷ್ಟವಾಗಿ ಕಾಣುವುದು. ಮಧ್ಯಾಹ್ನದ ಮಾತ್ರೆ ಕೊಡಲು ಶಾಲೆಯಲ್ಲಿ ನಂಬಿಕೆಯ ಕೈ ಇದ್ದರೆ ಅದನ್ನೇ ಮುಂದುವರಿಸಬಹುದು. ಇಲ್ಲದಿದ್ದರೆ, ಅಥವಾ ಮಗು ಪ್ರೌಢಶಾಲೆಗೆ ಹೋಗಿ ಸಂಜೆಯ ಓದು ಹೆಚ್ಚಿದರೆ, ದೀರ್ಘಾವಧಿಯದಕ್ಕೆ ಬದಲಿಸುವುದು ಸರಿ. ಆಗ ಬೆಳಗಿನ ಮುದ್ದೆಯನ್ನೋ ರೊಟ್ಟಿಯನ್ನೋ ಹೊಟ್ಟೆತುಂಬಾ ತಿನ್ನಿಸಿ ಆಮೇಲೆ ಮಾತ್ರೆ ಕೊಡಬೇಕು, ರಾತ್ರಿ ಹಸಿವು ಮರಳಿದಾಗ ಇನ್ನೊಮ್ಮೆ ಬಡಿಸಬೇಕು. ಎರಡರಲ್ಲೂ ಎತ್ತರ, ತೂಕ, ನಾಡಿಬಡಿತ, ರಕ್ತದೊತ್ತಡ ನೋಡುತ್ತಲೇ ಇರಬೇಕು. ತೂಕದ ಯಂತ್ರ ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಇದೆ; ಪ್ರತಿ ತಿಂಗಳ ಅಂಕಿಯನ್ನು ತಾಯಿಯ ಕೈಯಲ್ಲಿರುವ ಪುಸ್ತಕದಲ್ಲಿ ಬರೆದುಕೊಟ್ಟರೆ, ಮುಂದಿನ ಬಾರಿ ಮಾತ್ರೆ ಬದಲಿಸಬೇಕೋ ಬೇಡವೋ ಎಂದು ಹಾಸನದ ವೈದ್ಯರಾಗಲಿ ಬೆಂಗಳೂರಿನ ನಿಮ್ಹಾನ್ಸ್‌ನವರಾಗಲಿ ಆ ಪುಟ ನೋಡಿ ಹೇಳಬಲ್ಲರು.