ತಿರಸ್ಕಾರದಿಂದ ಆದರದವರೆಗೆ: ‘ದ ಕ್ಲೋನ್ ವಾರ್ಸ್’ ಅನಿಮೇಷನ್ ಸರಣಿ ಮತ್ತು ಅದರ ಪ್ರೇಕ್ಷಕರು

ಜಾರ್ಜ್ ಲ್ಯೂಕಸ್ 1977ರಲ್ಲಿ ಆರಂಭಿಸಿದ ‘ಸ್ಟಾರ್ ವಾರ್ಸ್’ ಚಿತ್ರಮಾಲೆಗೆ ಹುಟ್ಟಿಕೊಂಡ ಉಪಕೃತಿಗಳು ಹಲವು. ಅವುಗಳಲ್ಲಿ ‘ದ ಕ್ಲೋನ್ ವಾರ್ಸ್’ ಅನಿಮೇಷನ್ ಸರಣಿಯಷ್ಟು ತಿರಸ್ಕಾರವನ್ನೂ ಅಷ್ಟೇ ಆದರವನ್ನೂ ಕಂಡದ್ದು ಬೇರೊಂದಿಲ್ಲ. 2008ರ ಆಗಸ್ಟ್‌ನಲ್ಲಿ ಇದೇ ಹೆಸರಿನ ಚಲನಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಬಂದಾಗ ಅದನ್ನು ಮೆಚ್ಚಿದ ವಿಮರ್ಶಕರು ಐವರಲ್ಲಿ ಒಬ್ಬರೂ ಇರಲಿಲ್ಲ. ಹನ್ನೆರಡು ವರ್ಷಗಳ ನಂತರ, 2020ರ ಮೇ 4ರಂದು ಸರಣಿಯ ಕೊನೆಯ ಕಂತು ಪ್ರಸಾರವಾದಾಗ ಅದನ್ನು ಮೂಲ ಚಿತ್ರಗಳ ಸಾಲಿನಲ್ಲಿಟ್ಟು ಮಾತನಾಡಿದವರಿಗೆ ಕೊರತೆಯಿರಲಿಲ್ಲ. ಸರಣಿ ಕ್ರಮೇಣ ಸುಧಾರಿಸಿತು, ಅಭಿಪ್ರಾಯವೂ ಸುಧಾರಿಸಿತು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಅದರಲ್ಲಿ ಸತ್ಯವಿದೆ. ಆದರೆ 2008ರಲ್ಲಿ ಪ್ರೇಕ್ಷಕರು ಎತ್ತಿದ ಮುಖ್ಯ ಆಕ್ಷೇಪಗಳನ್ನು ಒಂದೊಂದಾಗಿ ನೋಡಿದರೆ, ನಿರ್ಮಾಪಕರು ಅವುಗಳಲ್ಲಿ ಯಾವುದನ್ನೂ ತೆಗೆದುಹಾಕಲಿಲ್ಲ ಎಂಬುದು ಗೊತ್ತಾಗುತ್ತದೆ. ಅಂದು ದೋಷವೆನಿಸಿದ್ದೇ ಮುಂದೆ ಪ್ರೀತಿಗೆ ಆಧಾರವಾಯಿತು. ಈ ಲೇಖನ ವಿವರಿಸಲು ಯತ್ನಿಸುವುದು ಆ ಪರಿವರ್ತನೆಯನ್ನು.

ಕೃತಿಯನ್ನು ಎದುರುಗೊಳ್ಳುವ ಮುನ್ನವೇ ಓದುಗನಲ್ಲಿ ಒಂದು ‘ನಿರೀಕ್ಷೆಯ ದಿಗಂತ’ ಇರುತ್ತದೆ ಎಂದವನು ಜರ್ಮನ್ ಚಿಂತಕ ಹಾನ್ಸ್ ರಾಬರ್ಟ್ ಯೌಸ್. 2008ರ ಪ್ರೇಕ್ಷಕರ ದಿಗಂತವನ್ನು ಆ ಚಿತ್ರ ಮೊದಲ ನಿಮಿಷದಲ್ಲೇ ಕದಡಿತು. ಹಿಂದಿನ ಆರೂ ಚಿತ್ರಗಳ ಆರಂಭದಲ್ಲಿ ಮೊಳಗಿದ ಟ್ವೆಂಟಿಯೆತ್ ಸೆಂಚುರಿ ಫಾಕ್ಸ್‌ನ ವಾದ್ಯಘೋಷ ಇಲ್ಲಿರಲಿಲ್ಲ. ವಿತರಕರು ವಾರ್ನರ್ ಬ್ರದರ್ಸ್ ಆಗಿದ್ದರು. ಆಕಾಶದತ್ತ ಸರಿಯುವ ಹಳದಿ ಅಕ್ಷರಗಳ ಬದಲು ಯುದ್ಧಕಾಲದ ವಾರ್ತಾಚಿತ್ರದ ಧಾಟಿಯಲ್ಲಿ ಒಂದು ಗಂಡುದನಿ ಹಿನ್ನೆಲೆ ವಿವರಿಸಿತು. ಸಂಗೀತ ಜಾನ್ ವಿಲಿಯಮ್ಸ್ ಅವರದಲ್ಲ, ಕೆವಿನ್ ಕೈನರ್ ಅವರದು. ಮರದಲ್ಲಿ ಕೆತ್ತಿದ ಗೊಂಬೆಗಳಂತಿದ್ದ ಮುಖಗಳು ಹಲವರಿಗೆ ಹಿಡಿಸಲಿಲ್ಲ. ವಾಸ್ತವವಾಗಿ ನಿರ್ದೇಶಕ ಡೇವ್ ಫಿಲೋನಿ ತಯಾರಿಸುತ್ತಿದ್ದುದು ದೂರದರ್ಶನದ ಕಂತುಗಳನ್ನು. ಅವುಗಳನ್ನು ದೊಡ್ಡ ಪರದೆಯ ಮೇಲೆ ನೋಡಿದ ಲ್ಯೂಕಸ್ ಆರಂಭದ ಕೆಲವನ್ನು ಜೋಡಿಸಿ ಚಿತ್ರವಾಗಿ ಬಿಡುಗಡೆ ಮಾಡಲು ನಿರ್ಧರಿಸಿದರು. ಹೀಗೆ, ಕಂತಾಗಿ ನೋಡಬೇಕಾದುದನ್ನು ಪ್ರೇಕ್ಷಕರು ಚಿತ್ರವಾಗಿ ನೋಡಿ ಚಿತ್ರದ ಅಳತೆಗೋಲಿನಿಂದಲೇ ಅಳೆದರು. ಅವರ ತೀರ್ಪು ಅನ್ಯಾಯದ್ದೆಂದು ನಾನು ಹೇಳಲಾರೆ. ಟಿಕೆಟ್ ಕೊಂಡು ಚಿತ್ರಮಂದಿರಕ್ಕೆ ಬಂದವರಿಗೆ ಕಥೆ ತುಂಡುತುಂಡಾಗಿದೆ ಎನಿಸಿದ್ದರೆ, ಅದು ಹಾಗೆಯೇ ಇತ್ತು.

ಇನ್ನೊಂದು ಹೋಲಿಕೆಯೂ ಬೆನ್ನಿಗಿತ್ತು. ಗೆಂಡಿ ಟಾರ್ಟಕೋವ್ಸ್ಕಿ 2003ರಿಂದ 2005ರವರೆಗೆ ಕಾರ್ಟೂನ್ ನೆಟ್‌ವರ್ಕ್ ವಾಹಿನಿಗಾಗಿ ಇದೇ ಕ್ಲೋನ್ ಯುದ್ಧದ ಬಗ್ಗೆ ಕೈಚಿತ್ರಶೈಲಿಯ ಕಿರುಕಂತುಗಳನ್ನು ಮಾಡಿದ್ದರು. ಬಹುಪಾಲು ಕಂತುಗಳು ಮೂರು ನಿಮಿಷಕ್ಕಿಂತ ಹೆಚ್ಚಿರಲಿಲ್ಲ, ಮಾತು ಬಹಳ ಕಡಿಮೆ. ಮೇಸ್ ವಿಂಡು ಬರಿಗೈಯಲ್ಲೇ ಯಂತ್ರಸೈನ್ಯವನ್ನು ಪುಡಿಗುಟ್ಟುವ ಕಂತನ್ನು ನೆನೆಯುವವರು ಇಂದಿಗೂ ಇದ್ದಾರೆ. ಅಲ್ಲಿ ಭಯ ಹುಟ್ಟಿಸುತ್ತಿದ್ದ ಜನರಲ್ ಗ್ರೀವಸ್ ಹೊಸ ಸರಣಿಯಲ್ಲಿ ಸೋತು ಓಡುವ ಖಳನಾದ ಎಂಬ ದೂರನ್ನು ಕೊನೆಯವರೆಗೂ ಬಿಡದವರಿದ್ದಾರೆ. ಈ ವಿಷಯದಲ್ಲಿ ನಾನು ಅವರ ಪಕ್ಷ.

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ. ಜೆಡೈ ಯೋಧ ಅನಾಕಿನ್ ಸ್ಕೈವಾಕರ್‌ಗೆ ಅಸೋಕಾ ಟಾನೊ ಎಂಬ ಹದಿನಾಲ್ಕರ ಹರೆಯದ ಶಿಷ್ಯೆ ಇದ್ದಳೆಂದು 2008ರ ಚಿತ್ರ ಹೇಳಿತು. ಯುದ್ಧದ ಕೊನೆಯ ದಿನಗಳ ಕಥೆಯಾದ 2005ರ ‘ರಿವೆಂಜ್ ಆಫ್ ದ ಸಿತ್’ ಚಿತ್ರದಲ್ಲಿ ಅವಳ ಹೆಸರೂ ಇಲ್ಲ. ಗುರುವನ್ನೇ ಅಡ್ಡಹೆಸರಿಟ್ಟು ಕರೆಯುವ ಈ ವಾಚಾಳಿ ಹುಡುಗಿಯನ್ನು ಮಕ್ಕಳ ಮಾರುಕಟ್ಟೆಗಾಗಿ ತುರುಕಲಾಗಿದೆ, ಮೂಲಕಥೆಯಲ್ಲಿ ಅವಳಿಗೆ ಜಾಗವಿಲ್ಲ ಎಂದು ಹಳೆಯ ಅಭಿಮಾನಿಗಳು ಸಿಟ್ಟಾದರು. ಆದರೆ ಜಾಗವಿಲ್ಲ ಎಂಬ ಆ ಮಾತೇ ಸರಣಿ ಬೆಳೆದಂತೆ ಪ್ರಶ್ನೆಯಾಯಿತು: ಹಾಗಾದರೆ ಇವಳಿಗೆ ಏನಾಯಿತು? ಅನಾಕಿನ್ ಡಾರ್ತ್ ವೇಡರ್ ಆಗುತ್ತಾನೆ, ಸೈನಿಕರು ತಮ್ಮ ಸೇನಾನಿಗಳನ್ನೇ ಕೊಲ್ಲುತ್ತಾರೆ ಎಂಬುದು ನೋಡುವ ಎಲ್ಲರಿಗೂ ಗೊತ್ತು. ಕರ್ಣಪರ್ವದ ತಾಳಮದ್ದಳೆಗೆ ಕೂತವರಿಗೆ ಕರ್ಣ ಉಳಿಯುವುದಿಲ್ಲವೆಂದು ಗೊತ್ತಿರುವ ಹಾಗೆ. ಅವರು ಕಾಯುವುದು ಅರ್ಥಧಾರಿ ಆ ಸಾವಿನ ತನಕ ತಮ್ಮನ್ನು ಹೇಗೆ ಕರೆದೊಯ್ಯುತ್ತಾನೆ ಎಂಬುದಕ್ಕೆ. ಅಂತ್ಯ ಗೊತ್ತಿರುವ ಕಥೆಯಲ್ಲಿ ಗೊತ್ತಿಲ್ಲದ ಅಂತ್ಯವಿದ್ದವಳು ಅಸೋಕಾ ಒಬ್ಬಳೇ. ಐದನೆಯ ಆವೃತ್ತಿಯ ಕೊನೆಯಲ್ಲಿ, 2013ರ ಮಾರ್ಚ್‌ನಲ್ಲಿ, ಮಾಡದ ಅಪರಾಧದ ಆರೋಪದಿಂದ ಮುಕ್ತಳಾದ ಅವಳು ಜೆಡೈ ಪಂಥಕ್ಕೆ ಮರಳಲು ಒಪ್ಪದೆ ಮೆಟ್ಟಿಲಿಳಿದು ಹೋಗುತ್ತಾಳೆ. ಆ ಹೊತ್ತಿಗೆ ‘ಇವಳೇಕೆ ಬಂದಳು’ ಎಂದವರ ದನಿ ಬಹುಮಟ್ಟಿಗೆ ಅಡಗಿತ್ತು.

ಕ್ಲೋನ್ ಸೈನಿಕರ ವಿಷಯದಲ್ಲಿ ನಡೆದದ್ದು ಇನ್ನೂ ಸೂಕ್ಷ್ಮ. ಎಲ್ಲರಿಗೂ ಒಂದೇ ಮುಖ, ಎಲ್ಲರ ದನಿಯೂ ಡೀ ಬ್ರಾಡ್ಲಿ ಬೇಕರ್ ಎಂಬ ಒಬ್ಬನೇ ಕಲಾವಿದನದು. ಇವರ ಸಾವಿಗೆ ಯಾರು ಮರುಗುತ್ತಾರೆ ಎಂದು ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲ ಆವೃತ್ತಿಯ ‘ರೂಕೀಸ್’ ಕಂತು ಇದಕ್ಕೆ ಉತ್ತರ ಕೊಟ್ಟ ರೀತಿ ಗಮನಿಸಬೇಕು. ದೂರದ ಕಾವಲುಠಾಣೆಗೆ ಬಂದ ಕ್ಯಾಪ್ಟನ್ ರೆಕ್ಸ್ ದೈತ್ಯ ಹಾವುಮೀನನ್ನು ಕೊಂದು, ಅದರ ನೀಲಿ ರಕ್ತ ಮೆತ್ತಿದ ಅಂಗೈಯನ್ನು ಎಕೋ ಎಂಬ ಎಳೆಯ ಸೈನಿಕನ ಬಿಳಿ ಕವಚದ ಎದೆಯ ಮೇಲೆ ಒತ್ತುತ್ತಾನೆ. ಮುಂದಿನ ಆವೃತ್ತಿಗಳಲ್ಲಿ ಆ ಗುರುತು ಬಣ್ಣವಾಗಿ ಅಲ್ಲೇ ಉಳಿದಿರುತ್ತದೆ. ಯಾವ ಪಾತ್ರವೂ ಅದನ್ನು ವಿವರಿಸುವ ಗೋಜಿಗೆ ಹೋಗುವುದಿಲ್ಲ. ಕವಚದ ಬಣ್ಣ, ಕೂದಲಿನ ಕತ್ತರಿ, ಹಚ್ಚೆಗಳಿಂದ ಒಬ್ಬೊಬ್ಬನನ್ನೂ ಗುರುತಿಸುವುದನ್ನು ಪ್ರೇಕ್ಷಕರು ತಾವೇ ಕಲಿತರು. ಹಾಗೆ ಕಲಿತವರಿಗಷ್ಟೇ 2011ರ ಉಂಬಾರಾ ಕಥಾಭಾಗ ಪೂರ್ತಿ ತಟ್ಟುತ್ತದೆ. ಶತ್ರುಗಳು ನಮ್ಮ ಕವಚ ತೊಟ್ಟು ಬರುತ್ತಿದ್ದಾರೆಂಬ ಸೇನಾನಿ ಕ್ರೆಲ್‌ನ ಸುಳ್ಳು ನಂಬಿ ಕತ್ತಲಲ್ಲಿ ಗುಂಡು ಹಾರಿಸಿದ ಮೇಲೆ, ರೆಕ್ಸ್ ಬಿದ್ದವನ ಶಿರಸ್ತ್ರಾಣ ತೆಗೆದಾಗ ಕಾಣುವುದು ಅದೇ ಮುಖ. ‘ಒಂದೇ ಮುಖ’ ಎಂಬ ದೂರು ಇಲ್ಲಿ ದುರಂತದ ಸಾಮಗ್ರಿಯಾಗಿದೆ.

ಸೈನಿಕರ ಮೇಲಿನ ಈ ಒಲವೇ ಇನ್ನೂ ಬಗೆಹರಿಯದ ಒಂದು ವಿವಾದವನ್ನು ತಂದಿತು. 2014ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಆರನೆಯ ಆವೃತ್ತಿಯಲ್ಲಿ, ಸೈನಿಕರ ಮಿದುಳಿನಲ್ಲಿ ಹುಟ್ಟಿಗೆ ಮೊದಲೇ ಒಂದು ಚಿಪ್ ಇಡಲಾಗಿದೆ, ಜೆಡೈಗಳನ್ನು ಕೊಲ್ಲುವ ಆಜ್ಞೆಗೆ ಅವರು ಮಣಿಯುವುದು ಅದರಿಂದ ಎಂದು ತಿಳಿಯುತ್ತದೆ. ಅದನ್ನು ಕಂಡುಹಿಡಿದ ಫೈವ್ಸ್ ಎಂಬ ಸೈನಿಕ ತನ್ನವರ ಗುಂಡಿಗೇ ಬಲಿಯಾಗುತ್ತಾನೆ. ಒಂದು ಪಕ್ಷದ ಪ್ರಕಾರ ಇದು ಸೈನಿಕರನ್ನು ಪಾಪದಿಂದ ಸುಲಭವಾಗಿ ಪಾರುಮಾಡುವ ಉಪಾಯ. 2005ರ ಚಿತ್ರದಲ್ಲಿ ಅವರು ಸದ್ದಿಲ್ಲದೆ ವಿಧೇಯರಾದಾಗ ಇದ್ದ ನೈತಿಕ ಭೀಕರತೆ ಈಗ ಯಂತ್ರದೋಷವಾಗಿ ಕುಗ್ಗಿತು. ಇನ್ನೊಂದು ಪಕ್ಷದ ಪ್ರಕಾರ, ಇಷ್ಟು ವರ್ಷ ಒಡನಾಡಿದವರು ಕ್ಷಣಮಾತ್ರದಲ್ಲಿ ಕೊಲೆಗಾರರಾಗುವುದು ಚಿಪ್ ಇಲ್ಲದೆ ನಂಬುವಂಥದ್ದಲ್ಲ. ಅವರೂ ಯುದ್ಧದ ಬಲಿಪಶುಗಳೇ. ಮೊದಲ ವಾದ ತಾತ್ವಿಕವಾಗಿ ಗಟ್ಟಿಯೆಂದು ನನಗೆ ತೋರುತ್ತದೆ. ಆದರೆ ಎರಡನೆಯದರ ಹಿಂದಿರುವುದು ಕಂತುಗಳ ಮೇಲೆ ಕಂತು ನೋಡಿ ಬೆಳೆದ ನಂಟು. ಅದನ್ನು ಭಾವುಕತೆ ಎಂದು ತಳ್ಳಿಹಾಕುವ ಸಂಶೋಧಕ ಈ ಸರಣಿಯನ್ನು ಅರ್ಥಮಾಡಿಕೊಳ್ಳಲಾರ.

ಅಭಿಪ್ರಾಯ ನೀಡುವವರೂ ಬದಲಾದರು ಎಂಬುದನ್ನು ಮರೆಯಬಾರದು. 2008ರಲ್ಲಿ ಎಂಟು ಹತ್ತು ವಯಸ್ಸಿನವರಾಗಿದ್ದವರು 2020ರಲ್ಲಿ ಇಪ್ಪತ್ತು ದಾಟಿ ತಮ್ಮ ಮಾತನ್ನು ತಾವೇ ಆಡಬಲ್ಲವರಾದರು. ಮೊದಲೇ ಬೇಸತ್ತವರು ಎದ್ದು ಹೋಗಿದ್ದರು. ಕೊನೆಯ ಆವೃತ್ತಿಯ ಮೆಚ್ಚುಗೆ ಹೀಗಾಗಿ ಬಹುಮಟ್ಟಿಗೆ ಉಳಿದುಕೊಂಡವರ ಮೆಚ್ಚುಗೆ. ನೋಡುವ ಕ್ರಮವೂ ಬದಲಾಯಿತು: ವಾರಕ್ಕೊಂದರಂತೆ, ಕಾಲಾನುಕ್ರಮವಿಲ್ಲದೆ ಪ್ರಸಾರವಾದ ಕಂತುಗಳಿಗೆ ಮುಂದೆ ಅಧಿಕೃತ ಕಾಲಾನುಕ್ರಮದ ಪಟ್ಟಿಯೇ ಬಂತು. ಯಾವುದನ್ನು ಬಿಡಬಹುದೆಂದು ಹೇಳುವ ಪಟ್ಟಿಗಳನ್ನು ಅಭಿಮಾನಿಗಳೇ ಹಂಚಿಕೊಂಡರು. ಒಟ್ಟು 133 ಕಂತುಗಳಲ್ಲಿ ದುರ್ಬಲವಾದವನ್ನು ಹಾರಿಸಿ ನೋಡಿದವನು ನೋಡಿದ್ದು ಬೇರೆಯೇ ಸರಣಿ.

ಡಿಸ್ನಿ 2012ರಲ್ಲಿ ಲ್ಯೂಕಸ್‌ಫಿಲ್ಮ್ ಕೊಂಡ ಮರುವರ್ಷ ಸರಣಿಯ ನಿರ್ಮಾಣ ನಿಂತಿತು. ಆದರೆ 2014ರಲ್ಲಿ ಹಳೆಯ ಕಾದಂಬರಿ, ಕಾಮಿಕ್ಸ್‌ಗಳನ್ನೆಲ್ಲ ಅಧಿಕೃತ ಕಥೆಯಿಂದ ಹೊರಗಿಟ್ಟಾಗ ಆರು ಚಿತ್ರಗಳ ಜೊತೆ ಇದನ್ನು ಒಳಗೇ ಉಳಿಸಿಕೊಂಡರು. ಕಾದಂಬರಿಗಳನ್ನು ಪ್ರೀತಿಸಿದ ಓದುಗರಿಗೆ ಇದು ನೋವಿನ ಸಂಗತಿ. ಯುದ್ಧಪ್ರಿಯ ಮ್ಯಾಂಡಲೋರಿಯನ್ನರನ್ನು ಸರಣಿ ಶಾಂತಿವಾದಿಗಳಾಗಿ ತೋರಿಸಿದಾಗಲೇ ಆ ಓದುಗರ ಅಸಮಾಧಾನ ಹೊಗೆಯಾಡಿತ್ತು. ಅಭಿಮಾನಿಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರಲ್ಲಿ ಏಳನೆಯ ಆವೃತ್ತಿಯ ಘೋಷಣೆಯಾಯಿತು.

ಈಗ ಪ್ರೇಕ್ಷಕರ ನಡುವಿನ ವಿಭಜನೆ ಬೇರೆ ಕಡೆ ಸರಿದಿದೆ. 2023ರ ‘ಅಸೋಕಾ’ ಸರಣಿಯಲ್ಲಿ ನಟಿ ರೊಸಾರಿಯೊ ಡಾಸನ್ ಅವಳಾಗಿ ಕಾಣಿಸಿಕೊಂಡರು. ಐದನೆಯ ಕಂತಿನಲ್ಲಿ ಕ್ಲೋನ್ ಯುದ್ಧದ ಹೊಗೆಯ ನಡುವೆ ಬಾಲಕಿ ಅಸೋಕಾ ತನ್ನ ಗುರುವಿನೊಡನೆ ನಿಲ್ಲುವ ದೃಶ್ಯವಿದೆ. ಅನಿಮೇಷನ್ ನೋಡಿದವರಿಗೆ ಅಲ್ಲಿ ಹದಿನೈದು ವರ್ಷಗಳ ಭಾರ. ನೋಡದವರಿಗೆ ಅದು ಪರಿಚಯವಿಲ್ಲದ ಹುಡುಗಿಯೊಬ್ಬಳ ಯುದ್ಧದ ನೆನಪಷ್ಟೆ. ಮೂಲ ಚಿತ್ರ ನೋಡದವರಿಗೆ ಉಪಕೃತಿ ಅರ್ಥವಾಗದು ಎಂಬುದು ಹಿಂದಿನ ದೂರು. ಈಗ ಉಪಕೃತಿ ನೋಡದವರಿಗೆ ನಟರಿರುವ ಕೃತಿಯೇ ಅರ್ಥವಾಗುತ್ತಿಲ್ಲ ಎಂದು ದೂರುತ್ತಿರುವವರಲ್ಲಿ, 2008ರಲ್ಲಿ ಈ ಹುಡುಗಿಯನ್ನು ಬೇಡವೆಂದು ಎದ್ದುಹೋದವರೂ ಇರಬೇಕು. ಅವರ ಅಭಿಪ್ರಾಯವನ್ನು ಯಾರೂ ಕ್ರಮವಾಗಿ ಸಂಗ್ರಹಿಸದಿದ್ದರೆ ಈ ಸರಣಿಯ ಸ್ವೀಕಾರದ ಇತಿಹಾಸ ಗೆದ್ದವರು ಬರೆದುಕೊಂಡದ್ದಾಗಿಯೇ ಉಳಿಯುತ್ತದೆ.