ಡೋಣಿ ಸೀಮೆಯ ಮತದಾರ

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಅಥಣಿಯ ದಾರಿ ಹಿಡಿದು ಸುಮಾರು 20 ಕಿಲೋಮೀಟರು ಹೋದರೆ ತಿಕೋಟಾ ಸಿಗುತ್ತದೆ. ನೈಋತ್ಯಕ್ಕೆ ಹೊರಳಿ ಹೆಚ್ಚುಕಡಿಮೆ ಅಷ್ಟೇ ದೂರ ನಡೆದರೆ ಬಬಲೇಶ್ವರ. ನಡುವೆ ಕಣ್ಣಿಗೆ ನಿಲುಕುವಷ್ಟು ದೂರವೂ ಎರೆಯ ಹೊಲ. ಡೋಣಿ ಹೊಳೆಯ ದಂಡೆಯ ಈ ಭೂಮಿಯನ್ನು ಕುರಿತು "ಡೋಣಿ ಬೆಳೆದರೆ ಓಣಿಯೆಲ್ಲ ಕಾಳು" ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಬೆಳೆಯದಿದ್ದರೆ ಏನಾಗುತ್ತದೆಂಬುದನ್ನು ಅವರು ಹೇಳಬೇಕಾಗಿರಲಿಲ್ಲ. ಬರಗಾಲವನ್ನು ಕಂಡವರಿಗೆ ಅದು ಗೊತ್ತೇ ಇದ್ದಿತು.

ಈ ಸೀಮೆಯ ಜೋಳವನ್ನೂ ಗುಮ್ಮಟವನ್ನೂ ಕುರಿತು ಬರೆದವರು ಬಹಳ ಮಂದಿ. ಆದರೆ ಇಲ್ಲಿಯ ಜನ ತಮ್ಮ ಊರಿನ ಕಾರಭಾರವನ್ನು ತಾವೇ ನಡೆಸುವ ಹಕ್ಕನ್ನು ಹೇಗೆ ಪಡೆದರು, ಪಡೆದ ಓಟನ್ನು ಹೇಗೆ ಬಳಸಿದರು ಎಂಬ ಸಂಗತಿಯನ್ನು ಒಂದು ಕಡೆ ಕೂಡಿಸಿ ನೋಡುವುದು ಅಪರೂಪ. ಆ ಚರಿತ್ರೆಯಲ್ಲಿ ಎರಡೇ ಪ್ರಶ್ನೆಗಳಿವೆ. ಮತ ಯಾರದು? ಮತ ಪಡೆದು ಕುರ್ಚಿಯ ಮೇಲೆ ಕೂತವನ ಕೈಯಲ್ಲಿ ಏನಿದೆ? ಮಿಕ್ಕ ವಿಷಯಗಳೆಲ್ಲ ಇವೆರಡರ ಸುತ್ತಲೇ ತಿರುಗುತ್ತವೆ.

ಮೊದಲು ಹಳೆಯ ಕಾಲ. ಆಗ ಊರೆಂದರೆ ಗೌಡ, ಕುಲಕರ್ಣಿ, ತಳವಾರ ಮತ್ತು ಆಯಗಾರರು. ಕಂದಾಯ ವಸೂಲಿ ಗೌಡನದು, ಲೆಕ್ಕ ಕುಲಕರ್ಣಿಯದು, ಕಾವಲು ತಳವಾರನದು. ವ್ಯಾಜ್ಯ ಬಂದರೆ ಪಂಚರು ಚಾವಡಿಯಲ್ಲಿ ಕೂತು ತೀರಿಸುತ್ತಿದ್ದರು. ಇದನ್ನೇ ನಮ್ಮ ಪ್ರಾಚೀನ ಪ್ರಜಾಪ್ರಭುತ್ವವೆಂದು ಕೊಂಡಾಡುವವರುಂಟು. ಕೊಂಡಾಡಲು ಕಾರಣವೂ ಇದೆ. ರಾಜರು ಬದಲಾದರೂ ಊರು ನಿಂತದ್ದು ಈ ವ್ಯವಸ್ಥೆಯಿಂದಲೇ. ಆದರೆ ಚಾವಡಿಯ ಕಟ್ಟೆಯನ್ನು ಏರಿದವರು ಯಾರು? ಕೆಳಗೆ ನಿಂತು ಕೇಳಿದವರು ಯಾರು? ಗೌಡಕಿ ವತನದಿಂದ ಬಂದದ್ದು, ಆರಿಸಿ ಕೊಟ್ಟದ್ದಲ್ಲ. ಹೆಂಗಸರಿಗೆ ಅಲ್ಲಿ ಮಾತಿರಲಿಲ್ಲ. ಊರ ಹೊರಗಿನ ಕೇರಿಯವರಿಗೆ ಕಟ್ಟೆಯ ನೆರಳೂ ದಕ್ಕಲಿಲ್ಲ. ಇದನ್ನು ಮರೆತು ಬರೆದ ಚರಿತ್ರೆ ಅರ್ಧ ಚರಿತ್ರೆಯೇ ಸರಿ.

1818ರಲ್ಲಿ ಪೇಶವೆಯ ರಾಜ್ಯ ಇಂಗ್ಲಿಷರ ಕೈಸೇರಿತು. ವಿಜಾಪುರದ ಸುತ್ತಣ ಸೀಮೆ ಕೆಲವು ಕಾಲ ಸಾತಾರೆಯ ರಾಜನ ಆಳಿಕೆಯಲ್ಲಿದ್ದು, 1848ರಲ್ಲಿ ಆ ಸಂಸ್ಥಾನ ಮುಗಿದ ಮೇಲೆ ಮುಂಬಯಿ ಇಲಾಖೆಗೆ ಬಂದಿತು. ಜಿಲ್ಲೆಯ ಮುಖ್ಯ ಠಾಣ್ಯ ಮೊದಲು ಕಲಾದಗಿಯಲ್ಲಿ ಇದ್ದಿತು. 1885ರಲ್ಲಿ ಕಚೇರಿಗಳು ವಿಜಾಪುರಕ್ಕೆ ಬಂದು, ಆದಿಲಶಾಹಿ ಅರಮನೆಗಳ ಕೆಲವು ಕಟ್ಟಡಗಳು ದುರಸ್ತಿಯಾಗಿ ಸರಕಾರಿ ಕಚೇರಿಗಳಾದವು. ಸುಲ್ತಾನರು ಕೂತಿದ್ದ ಕಡೆಯಲ್ಲಿ ಕಾರಕೂನರು ದಫ್ತರು ಬಿಚ್ಚಿದರು.

ಆ ದಫ್ತರುಗಳಲ್ಲಿ ಒಂದು ಲೋಕಲ್ ಫಂಡಿನದು. 1869ರ ಮುಂಬಯಿ ಕಾಯಿದೆಯ ಪ್ರಕಾರ ರೈತನು ಸರಕಾರಕ್ಕೆ ಕೊಡುವ ಪ್ರತಿ ರೂಪಾಯಿ ಕಂದಾಯದ ಮೇಲೆ ಒಂದಾಣೆ ಕರ ಬೀಳುತ್ತಿತ್ತು. ಆ ಹಣದಿಂದ ರಸ್ತೆ, ಬಾವಿ, ಧರ್ಮಶಾಲೆ, ಕನ್ನಡ ಸಾಲೆಗಳು ನಡೆಯಬೇಕು. ಹಣ ರೈತನದು, ಆದರೆ ಅದನ್ನು ಹೇಗೆ ವೆಚ್ಚ ಮಾಡಬೇಕೆಂದು ಗೊತ್ತುಮಾಡುವವರು ಸರಕಾರ ನೇಮಿಸಿದ ಗೃಹಸ್ಥರು, ಅವರ ಮೇಲೆ ಕಲೆಕ್ಟರ ಸಾಹೇಬರು. 1882ರಲ್ಲಿ ವೈಸರಾಯ್ ರಿಪ್ಪನ್ನರು ಸ್ಥಳೀಯ ಸ್ವರಾಜ್ಯದ ಪ್ರಸಿದ್ಧ ನಿರ್ಣಯವನ್ನು ಹೊರಡಿಸಿದರು. ಅದರ ಫಲವಾಗಿ ಮುಂಬಯಿ ಇಲಾಖೆಯಲ್ಲಿ 1884ರ ಲೋಕಲ್ ಬೋರ್ಡು ಕಾಯಿದೆ ಬಂದು, ತಾಲೂಕಿಗೊಂದು ಬೋರ್ಡು, ಜಿಲ್ಲೆಗೊಂದು ಬೋರ್ಡು ಏರ್ಪಟ್ಟವು. ಸದಸ್ಯರಲ್ಲಿ ಒಂದು ಭಾಗ ಚುನಾಯಿತರಾಗುವಂತಾಯಿತು. ಆದರೆ ಓಟಿನ ಹಕ್ಕು ಜಮೀನು, ಕಂದಾಯ, ಇನಾಮು ಇದ್ದವರದು. ತಿಕೋಟಾ ಭಾಗದ ಒಬ್ಬ ಕೂಲಿಯವನು ಬೋರ್ಡಿನ ರಸ್ತೆಗೆ ಖಡಿ ಒಡೆಯಬಹುದಾಗಿತ್ತು, ಬೋರ್ಡಿಗೆ ಸದಸ್ಯನನ್ನು ಆರಿಸುವಂತಿರಲಿಲ್ಲ.

ನಗರದ ಮಟ್ಟಿಗೆ ಮುನಸಿಪಾಲಿಟಿಯ ಮುಖ್ಯ ಚಿಂತೆ ನೀರಿನದಾಗಿದ್ದಿತು. ಆದಿಲಶಾಹಿಯವರು ತೊರವಿಯಿಂದಲೂ ಬೇಗಂ ತಲಾಬಿನಿಂದಲೂ ನೆಲದೊಳಗಿನ ಕಾಲುವೆಗಳಲ್ಲಿ ನೀರು ತಂದಿದ್ದರು. ರಾಜ್ಯ ಹಾಳಾದ ಮೇಲೆ ಆ ಕಾಲುವೆಗಳೂ ಹೂತುಹೋದವು. ಮುಂದೆ ಭೂತನಾಳ ಕೆರೆ ನಗರಕ್ಕೆ ಆಸರೆಯಾಯಿತು. ವಚನ ಸಾಹಿತ್ಯವನ್ನು ಬೆಳಕಿಗೆ ತಂದ ಡಾ. ಫ. ಗು. ಹಳಕಟ್ಟಿಯವರನ್ನು ನಾವು ಪಂಡಿತರೆಂದು ನೆನೆಯುತ್ತೇವೆ. ಅವರು ಇದೇ ನಗರದ ಮುನಸಿಪಾಲಿಟಿಯಲ್ಲೂ ಮುಂಬಯಿಯ ಕಾಯಿದೆ ಕೌನ್ಸಿಲಿನಲ್ಲೂ ಜನರ ಕೆಲಸ ಮಾಡಿದವರೆಂಬುದನ್ನು ಮರೆಯಬಾರದು. ಓಲೆಗರಿ ಬಿಡಿಸುವ ಕೈ ನಳದ ನೀರಿನ ಕಾಗದಕ್ಕೂ ರುಜು ಹಾಕಬಲ್ಲುದು ಎಂಬುದಕ್ಕೆ ಅವರೇ ನಿದರ್ಶನ.

ಮತದಾರರ ಪಟ್ಟಿ ಮೆಲ್ಲಮೆಲ್ಲನೆ ಬೆಳೆಯಿತು. 1920 ಮತ್ತು 1933ರ ಮುಂಬಯಿ ಗ್ರಾಮ ಪಂಚಾಯತಿ ಕಾಯಿದೆಗಳು ಹಳ್ಳಿಗೆ ಚುನಾಯಿತ ಪಂಚಾಯತಿಯ ದಾರಿ ತೆರೆದವು. 1937ರಲ್ಲಿ ಪ್ರಾಂತ ಶಾಸನಸಭೆಗಳಿಗೆ ದೊಡ್ಡ ಚುನಾವಣೆ ನಡೆಯಿತು. ಆಗಲೂ ದೇಶದ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಮಾತ್ರ ಓಟಿದ್ದಿತು. ಎಷ್ಟೋ ಹೆಂಗಸರ ಹಕ್ಕು ಗಂಡನ ಆಸ್ತಿಯ ಬಲದಿಂದ ಬಂದುದಾಗಿದ್ದಿತು. ಮರುವರ್ಷ, ಎಂದರೆ 1938ರಲ್ಲಿ, ಮುಂಬಯಿ ಸರಕಾರ ತಾಲೂಕು ಬೋರ್ಡುಗಳನ್ನು ತೆಗೆದು ಜಿಲ್ಲಾ ಬೋರ್ಡನ್ನು ಮಾತ್ರ ಉಳಿಸಿತು. ಈ ತಾಲೂಕು ಬೋರ್ಡಿನ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದು ಬೇಕಾಗುತ್ತದೆ.

1951-52ರ ಚಳಿಗಾಲದಲ್ಲಿ ಬಾಗಿಲು ಪೂರ್ತಿ ತೆರೆಯಿತು. 21 ವರ್ಷ ತುಂಬಿದ ಗಂಡು ಹೆಣ್ಣು ಎಲ್ಲರಿಗೂ ಓಟು. ಅಕ್ಷರ ಬಾರದವರು ಮತ ಹಾಕುವುದು ಹೇಗೆಂಬ ಪ್ರಶ್ನೆಗೆ ಚುನಾವಣಾ ಆಯೋಗ ಸರಳವಾದ ಉಪಾಯ ಕಂಡುಹಿಡಿಯಿತು. ಪ್ರತಿ ಉಮೇದುವಾರನಿಗೂ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತಿನ ಚಿತ್ರ. ತನಗೆ ಬೇಕಾದವನ ಪೆಟ್ಟಿಗೆಯಲ್ಲಿ ಚೀಟಿ ಹಾಕಿದರೆ ತೀರಿತು. 1957ರಲ್ಲೂ ಇದೇ ಕ್ರಮ ನಡೆಯಿತು. 1962ರ ಹೊತ್ತಿಗೆ ಒಂದೇ ಚೀಟಿಯಲ್ಲಿ ಎಲ್ಲ ಗುರುತುಗಳನ್ನೂ ಅಚ್ಚುಮಾಡಿ, ಅದರ ಮೇಲೆ ಮುದ್ರೆ ಒತ್ತುವ ಪದ್ಧತಿ ಬಂದಿತು.

ಜನ ಕೊಟ್ಟ ತೀರ್ಪನ್ನು ಈಗ ನೋಡಬಹುದು. ವಿಜಾಪುರ ಉತ್ತರ ಲೋಕಸಭಾ ಕ್ಷೇತ್ರದಿಂದ 1952ರಲ್ಲಿ ಕಾಂಗ್ರೆಸ್ಸಿನ ರಾಜಾರಾಮ ಗಿರಿಧಾರಿಲಾಲ ದುಬೆಯವರು ಆರಿಸಿ ಬಂದರು. 1956ರ ನವೆಂಬರ್ 1ರಂದು ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ವಿಶಾಲ ಮೈಸೂರನ್ನು ಸೇರಿತು. ಆದಾದ ನಾಲ್ಕೈದು ತಿಂಗಳಲ್ಲೇ ನಡೆದ 1957ರ ಚುನಾವಣೆಯಲ್ಲಿ ಅದೇ ಜನ ಮುರಿಗೆಪ್ಪ ಸಿದ್ದಪ್ಪ ಸುಗಂಧಿಯವರನ್ನು ಪಕ್ಷೇತರರಾಗಿ ಗೆಲ್ಲಿಸಿದರು. 1962ರಲ್ಲಿ ಮತ್ತೆ ದುಬೆಯವರು, 1967ರಲ್ಲಿ ಸ್ವತಂತ್ರ ಪಕ್ಷದ ಜಿ. ಡಿ. ಪಾಟೀಲರು. ಹೊಸದಾಗಿ ಓಟು ಕಂಡ ಹಳ್ಳಿಗರು ಒಂದೇ ಪೆಟ್ಟಿಗೆಗೆ ಕಣ್ಣುಮುಚ್ಚಿ ಚೀಟಿ ಹಾಕುತ್ತಾರೆಂದು ಎಣಿಸಿದ್ದವರಿಗೆ ಈ ನಾಲ್ಕು ಫಲಿತಾಂಶಗಳೇ ಉತ್ತರ.

ಇದೇ ಕಾಲದಲ್ಲಿ ಮತಪೆಟ್ಟಿಗೆಯಷ್ಟು ಸದ್ದುಮಾಡದೆ ಇನ್ನೊಂದು ಬದಲಾವಣೆ ಆಯಿತು. ಮುಂಬಯಿ ಸರಕಾರದ 1950ರ ಕಾಯಿದೆಯಿಂದ ಪರಗಣಾ ಮತ್ತು ಕುಲಕರ್ಣಿ ವತನಗಳು ರದ್ದಾದವು. ಮೈಸೂರು ರಾಜ್ಯದ 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪರಂಪರೆಯ ಗೌಡಕಿಯೂ ಹೋಯಿತು. ಅಂದಿನಿಂದ ಗೌಡನ ಮಗ ಊರಿನ ಹಿರಿಯನೆನಿಸಬೇಕಾದರೆ ನಾಲ್ಕು ಮನೆಗಳ ಹೊಸ್ತಿಲಿಗೆ ಹೋಗಿ ಕೈಮುಗಿದು ಓಟು ಕೇಳಬೇಕಾಯಿತು. ಆರಿಸಿ ಬಂದವರಲ್ಲಿ ಹಳೆಯ ಮನೆತನದವರೇ ಹೆಚ್ಚು ಎಂಬುದು ನಿಜ. ಆದರೆ ಕೇಳದೆ ಬಂದ ಅಧಿಕಾರಕ್ಕೂ ಕೇಳಿ ಪಡೆದ ಅಧಿಕಾರಕ್ಕೂ ಬಹಳ ಅಂತರವುಂಟು. ಕೇಳಿ ಪಡೆದುದನ್ನು ಐದು ವರ್ಷಕ್ಕೊಮ್ಮೆ ಕಳೆದುಕೊಳ್ಳುವ ಭಯವಿರುತ್ತದೆ.

ಪಂಚಾಯತಿಗಳ ಕಥೆಗೆ ಮರಳೋಣ. 1959ರ ಮೈಸೂರು ಕಾಯಿದೆ ಗ್ರಾಮ ಪಂಚಾಯತಿಯ ಮೇಲೆ ಚುನಾಯಿತ ತಾಲೂಕು ಬೋರ್ಡನ್ನು ಇಟ್ಟಿತು. ಜಿಲ್ಲೆಯ ಮಟ್ಟದಲ್ಲಿ ಮಾತ್ರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಮಂಡಲಿ. ಹೀಗೆ ಮುಂಬಯಿಯವರು ತೆಗೆದ ತಾಲೂಕು ಬೋರ್ಡನ್ನು ಮೈಸೂರಿನವರು ತಂದರು. ಮುಂಬಯಿಯವರು ಉಳಿಸಿದ್ದ ಜಿಲ್ಲಾ ಬೋರ್ಡನ್ನು ಇವರು ಬಿಟ್ಟರು. ಮುಂದೆ ಅಬ್ದುಲ್ ನಜೀರ್ ಸಾಬರ ಪ್ರಯತ್ನದಿಂದ ಬಂದ 1983ರ ಕಾಯಿದೆಯಲ್ಲಿ ಚಕ್ರ ಮತ್ತೆ ತಿರುಗಿತು. ಚುನಾಯಿತ ಜಿಲ್ಲಾ ಪರಿಷತ್ತು, ಕೆಳಗೆ ಮಂಡಲ ಪಂಚಾಯತಿ. ತಾಲೂಕಿನಲ್ಲಿ ನೇರ ಚುನಾವಣೆಯಿಲ್ಲದ ಸಮಿತಿ. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ನೂರಕ್ಕೆ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ದೇಶದ ಸಂವಿಧಾನವೇ ಮೂರನೆಯ ಒಂದು ಪಾಲು ಮಹಿಳೆಯರಿಗೆಂದು ಹೇಳುವುದಕ್ಕೆ ಇನ್ನೂ ಐದಾರು ವರ್ಷಗಳಿದ್ದವು. 1993ರ ಕಾಯಿದೆ ಗ್ರಾಮ, ತಾಲೂಕು, ಜಿಲ್ಲೆ ಮೂರು ಮಟ್ಟಗಳನ್ನೂ ಚುನಾವಣೆಗೆ ಒಳಪಡಿಸಿತು. ತರುವಾಯ ಮಹಿಳೆಯರ ಪಾಲು ಅರ್ಧಕ್ಕೆ ಏರಿತು. ಅಧ್ಯಕ್ಷೆಯ ಕುರ್ಚಿಯ ಹಿಂದೆ ಗಂಡನೋ ಮಗನೋ ನಿಂತು ಮಾತಾಡುವ ದೃಶ್ಯ ಅಪರೂಪವಲ್ಲ. ಆದರೂ ಚಾವಡಿಯಲ್ಲಿ ಮಾತೇ ಇಲ್ಲದವಳು ಈಗ ಸಭೆಯ ಠರಾವಿಗೆ ರುಜು ಹಾಕುತ್ತಾಳೆ. ರುಜು ಹಾಕಿದವಳು ಒಂದು ದಿನ ಅದರಲ್ಲಿ ಏನು ಬರೆದಿದೆಯೆಂದು ಕೇಳದೆ ಇರಳು.

ಈಗಿನ ಮತದಾನದ ರೀತಿಯನ್ನು ನೋಡಿದರೆ ಇಲ್ಲಿಯ ಮತದಾರ ಪ್ರತಿಯೊಂದು ಸಭೆಗೂ ಬೇರೆ ಬೇರೆ ತಕ್ಕಡಿ ಹಿಡಿಯುತ್ತಾನೆಂದು ತಿಳಿದುಬರುತ್ತದೆ. ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆಯಿಲ್ಲ. ಅಲ್ಲಿ ಓಣಿ, ಬೀಗತನ, ಜಾತಿ, ಹೊಲದ ದಾರಿಯ ಜಗಳ, ಕಷ್ಟಕಾಲಕ್ಕೆ ಆದ ಉಪಕಾರ ಇವೆಲ್ಲ ತೂಕಕ್ಕೆ ಬರುತ್ತವೆ. ವಿಧಾನಸಭೆಗೆ ಬಂದರೆ ನೀರಾವರಿ ಮುಂದಾಗುತ್ತದೆ. ದ್ರಾಕ್ಷಿ ಬೆಳೆಯುವ ತಿಕೋಟಾ ಸೀಮೆಗೂ, ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ-ಬಬಲೇಶ್ವರ ಯೋಜನೆಯ ಹಳ್ಳಿಗಳಿಗೂ ಅದು ಬದುಕಿನ ಪ್ರಶ್ನೆ. ಹಳೆಯ ತಿಕೋಟಾ ಕ್ಷೇತ್ರ 1991ರ ಉಪಚುನಾವಣೆಯಲ್ಲಿ ಎಂ. ಬಿ. ಪಾಟೀಲರನ್ನೂ, 1994 ಮತ್ತು 1999ರಲ್ಲಿ ಶಿವಾನಂದ ಪಾಟೀಲರನ್ನೂ, 2004ರಲ್ಲಿ ಮತ್ತೆ ಎಂ. ಬಿ. ಪಾಟೀಲರನ್ನೂ ಆರಿಸಿತು. 2008ರಲ್ಲಿ ಕ್ಷೇತ್ರಗಳ ಮರುವಿಂಗಡಣೆಯಾಗಿ ತಿಕೋಟಾದ ಹೆಸರು ಹೋಗಿ ಬಬಲೇಶ್ವರದ ಹೆಸರು ಬಂದಿತು. ಅಂದಿನಿಂದ 2023ರವರೆಗಿನ ನಾಲ್ಕು ಚುನಾವಣೆಗಳಲ್ಲೂ ಎಂ. ಬಿ. ಪಾಟೀಲರೇ ಗೆದ್ದರು. ಜಿಲ್ಲೆಯ ಒಟ್ಟು ಚಿತ್ರ ಇನ್ನೂ ಸ್ವಾರಸ್ಯವಾದುದು. 2023ರಲ್ಲಿ ಎಂಟು ವಿಧಾನಸಭಾ ಸ್ಥಾನಗಳ ಪೈಕಿ ಆರನ್ನು ಕಾಂಗ್ರೆಸ್ಸಿಗೆ ಕೊಟ್ಟ ಇದೇ ಮತದಾರರು, ಮರುವರ್ಷ ಲೋಕಸಭೆಗೆ ಭಾರತೀಯ ಜನತಾ ಪಕ್ಷದ ರಮೇಶ ಜಿಗಜಿಣಗಿಯವರನ್ನು ಕಳಿಸಿದರು. ನಗರದ ಮಹಾನಗರಪಾಲಿಕೆಗೆ 2022ರ ಅಕ್ಟೋಬರಿನಲ್ಲಿ ಮತದಾನವಾದಾಗ 35 ವಾರ್ಡುಗಳಲ್ಲಿ ಆ ಪಕ್ಷಕ್ಕೆ 17 ದೊರೆತವು; ಬಹುಮತಕ್ಕೆ ಒಂದು ಕಡಿಮೆ. ಯಾರಿಗೂ ಪೂರ್ತಿ ಬೀಗದಕೈ ಕೊಡಬಾರದೆಂಬ ಹಳೆಯ ರೈತನ ಎಚ್ಚರಿಕೆ ಇದರಲ್ಲಿ ಕಾಣುವುದಿಲ್ಲವೆ?

ಇಷ್ಟು ಎಚ್ಚರವುಳ್ಳ ಮತದಾರನಿಗೆ ಒಂದು ಕೊರತೆ ಮಾತ್ರ ಉಳಿಯಿತು. 2018ರಲ್ಲಿ ತಿಕೋಟಾ ಮತ್ತು ಬಬಲೇಶ್ವರ ಹೊಸ ತಾಲೂಕುಗಳಾದವು. ಉತಾರ ತರಲು ವಿಜಯಪುರಕ್ಕೆ ಓಡುವುದು ತಪ್ಪೀತೆಂದು ಜನ ಹಿಗ್ಗಿದರು. ತಾಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೆ ಅದಕ್ಕೆ ಮೊದಲು, 2016ರಲ್ಲಿ, ಚುನಾವಣೆ ನಡೆದಿತ್ತು. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿಯ ತಕರಾರು ಎಂದು ಕಾರಣಗಳು ಬೆಳೆದು, 2024 ಮುಗಿದರೂ ರಾಜ್ಯದಲ್ಲಿ ಆ ಚುನಾವಣೆಗಳು ನಡೆಯಲಿಲ್ಲ. ಎಂದರೆ, ಅಷ್ಟು ವರ್ಷ ತಿಕೋಟಾ, ಬಬಲೇಶ್ವರದವರಿಗೆ ತಾಲೂಕೆಂಬ ಹೆಸರಿದ್ದಿತು, ಕಚೇರಿಯಿದ್ದಿತು. ತಮ್ಮ ತಾಲೂಕಿನ ಪಂಚಾಯತಿಗೆ ಒಂದು ಸಲವಾದರೂ ಮತ ಹಾಕುವ ಅವಕಾಶ ಇರಲಿಲ್ಲ. ಚುನಾಯಿತರ ಕುರ್ಚಿಯಲ್ಲಿ ಸರಕಾರ ನೇಮಿಸಿದ ಆಡಳಿತಾಧಿಕಾರಿಗಳು ಕೂತರು.

1884ರ ಬೋರ್ಡಿನಲ್ಲಿಯೂ ಕುರ್ಚಿ ಸಾಹೇಬರದೇ ಆಗಿದ್ದಿತು. ಆಗ ಮತವೇ ಇರಲಿಲ್ಲವೆಂದು ಜನ ಸುಮ್ಮನಿದ್ದರು. ಈಗ ಮತವಿದೆ, ಪಟ್ಟಿಯಲ್ಲಿ ಹೆಸರಿದೆ, ಹಾಕಲು ದಿನ ಮಾತ್ರ ಗೊತ್ತಾಗುವುದಿಲ್ಲ. ದಿಲ್ಲಿಯ ಚುನಾವಣೆ ಒಂದು ತಿಂಗಳು ತಡವಾದರೆ ದೇಶವೆಲ್ಲ ಗದ್ದಲವೇಳುತ್ತದೆ. ಕುಡಿಯುವ ನೀರು, ಸಾಲೆಯ ಮಾಡು, ಹೊಲದ ದಾರಿ ನೋಡಿಕೊಳ್ಳುವ ಸಭೆಗೆ ವರ್ಷಗಟ್ಟಲೆ ತಡವಾದರೆ ಯಾರ ನಿದ್ದೆಯೂ ಕೆಡುವುದಿಲ್ಲ. ದೋಷ ಸರಕಾರದ್ದೇ ಎಂದು ಬಿಟ್ಟರೆ ಸಾಲದು. ಹಳ್ಳಿಗಿಂತ ಪಟ್ಟಣದಲ್ಲಿ ಮತ ಹಾಕುವವರು ಕಡಿಮೆಯೆಂಬುದು ನಮ್ಮ ರಾಜ್ಯದ ಹಳೆಯ ಅನುಭವ. ವಾರ್ಡಿನ ಸದಸ್ಯನ ಹೆಸರು ತಿಳಿಯದವರು ಪಟ್ಟಣದ ಮನೆಗಳಲ್ಲಿ ಎಷ್ಟು ಮಂದಿಯಿಲ್ಲ?

ಡೋಣಿಯ ದಂಡೆಯ ರೈತ ಹದ ತಪ್ಪಿದರೆ ಬಿತ್ತಿ ಫಲವಿಲ್ಲವೆಂದು ಬಲ್ಲ. ಸ್ಥಳೀಯ ಸ್ವರಾಜ್ಯಕ್ಕೂ ಒಂದು ಹದವುಂಟು, ಅದು ಐದು ವರ್ಷದ್ದು. ಆ ಹದ ತಪ್ಪದಂತೆ ಕೇಳುವುದು ತಿಕೋಟಾದವರ ಕೆಲಸವೂ ಹೌದು, ಬಬಲೇಶ್ವರದವರ ಕೆಲಸವೂ ಹೌದು, ನಗರದಲ್ಲಿ ನಳದ ನೀರಿಗೆ ಕಾದು ಕೂತ ನಮ್ಮ ಕೆಲಸವೂ ಹೌದು.