ಟೆನ್ಷನ್: ತಂತಿಯ ದಾಯಾದಿ

ಮಳೆ ಕೈಕೊಟ್ಟರೂ, ಅರಿಸಿನದ ಬೆಲೆ ಕುಸಿದರೂ, ಮಗಳ ಪರೀಕ್ಷೆ ಹತ್ತಿರ ಬಂದರೂ ಚಾಮರಾಜನಗರ–ಗುಂಡ್ಲುಪೇಟೆ ಕಡೆಯ ಹರವೆ ಸೀಮೆಯಲ್ಲಿ ಇಂದು ಸಿಗುವ ಮಾತು ಒಂದೇ: ಟೆನ್ಷನ್. "ಟೆನ್ಸನ್ ಮಾಡ್ಕಬ್ಯಾಡ ಕನಣ್ಣ" ಎಂದು ಸಮಾಧಾನ ಹೇಳುವವರಿಗೆ ಅದು ಪರಭಾಷೆಯ ಪದವೆಂಬ ಎಣಿಕೆಯೇ ಇರದು. ಇಂಗ್ಲಿಷರು ಟೆನ್ಷನ್ ಅನ್ನು 'ಮಾಡಿಕೊಳ್ಳುವುದಿಲ್ಲ'. ಚಿಂತೆ ಮಾಡು, ಯೋಚನೆ ಮಾಡು ಎಂಬ ನಮ್ಮ ಅಚ್ಚಿನಲ್ಲೇ ಈ ಪದವೂ ಎರಕಗೊಂಡಿದೆ.

ಲ್ಯಾಟಿನ್ನಿನ 'ಟೆಂಡೆರೆ' ಎಂದರೆ ಎಳೆದು ಬಿಗಿಮಾಡು. ಸಂಸ್ಕೃತದ 'ತನ್' ಧಾತು ಅದರ ಸೋದರ. ತಂತು, ತಂತ್ರಿಗಳು ಆ ಧಾತುವಿನವು. ನಮ್ಮ ತಂತಿ ಹುಟ್ಟಿದ್ದು ತಂತ್ರಿಯಿಂದ. ಹೀಗೆ ಟೆನ್ಷನ್ನೂ ತಂತಿಯೂ ದೂರದ ದಾಯಾದಿಗಳು! ಹಗ್ಗದ ಬಿಗಿತವನ್ನು ಹೇಳುತ್ತಿದ್ದ ಪದಕ್ಕೆ ಮನಸ್ಸಿನ ಬಿಗಿತವೆಂಬ ಅರ್ಥ ಇಂಗ್ಲಿಷಿನಲ್ಲಿ ಸೇರಿದ್ದು 18ನೆಯ ಶತಮಾನದಲ್ಲಿ. ವಿದ್ಯುತ್ತಿನವರೂ ಅದನ್ನೇ ಹಿಡಿದರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಹರಿದದ್ದು ಇಂಥ 'ಹೈಟೆನ್ಷನ್' ತಂತಿಯಲ್ಲೇ.

ಕನ್ನಡಕ್ಕೆ ಪದಗಳ ಬಡತನವಿರಲಿಲ್ಲ. ಕತ್ತಲಲ್ಲಿ ಆನೆ ಎದುರಾದರೆ ದಿಗಿಲು, ಪೇಟೆಗೆ ಹೋದ ಮಗ ಹೊತ್ತಿಗೆ ಬಾರದಿದ್ದರೆ ಕಳವಳ, ಹೇಳಲೋ ಬೇಡವೋ ಎಂಬಲ್ಲಿ ತಳಮಳ. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಆತಂಕದ ಕಥೆ ಇನ್ನೂ ಸ್ವಾರಸ್ಯದ್ದು: ಸಂಸ್ಕೃತದಲ್ಲಿ ಅದು ಮೈಯ ರೋಗವೂ ಹೌದು, ಮನಸ್ಸಿನ ಭಯವೂ ಹೌದು, ಕನ್ನಡದಲ್ಲಿ ಅಡ್ಡಿಯೆಂಬ ಅರ್ಥವೂ ಉಂಟು, ಹಿಂದಿಗೆ ಹೋದರೆ ಭಯೋತ್ಪಾದನೆಯೇ 'ಆತಂಕವಾದ'. ಇಷ್ಟೆಲ್ಲವನ್ನೂ ಟೆನ್ಷನ್ ಒಂದೇ ಗುಡಿಸಿಹಾಕುತ್ತಿದೆ.

ನಷ್ಟ ಭಾಷೆಗಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ವೈದ್ಯರು 'ಹೈಪರ್‌ಟೆನ್ಷನ್' ಎಂದಾಗ ರೋಗಿಗೆ ಕೇಳಿಸುವುದು 'ಅತಿಯಾದ ಚಿಂತೆ'. ಅಲ್ಲಿನ ಟೆನ್ಷನ್ ರಕ್ತನಾಳದ ಗೋಡೆಯ ಮೇಲಿನ ಒತ್ತಡ. ಏನೂ ಚಿಂತೆಯಿಲ್ಲದವರಿಗೂ ಅದು ಇರಬಹುದು. ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರದು. ಮನಸ್ಸು ಹಗುರಾಯಿತೆಂದು ಗುಳಿಗೆ ಬಿಟ್ಟವರಿಗೆ ಪಾರ್ಶ್ವವಾಯು, ಹೃದಯಾಘಾತಗಳ ಅಪಾಯ ಉಳಿದೇ ಇರುತ್ತದೆ. ಕನ್ನಡದ 'ರಕ್ತದೊತ್ತಡ'ವೂ ಪೂರ್ತಿ ಪಾರುಮಾಡಲಿಲ್ಲ. 'ಮಾನಸಿಕ ಒತ್ತಡ' ಅದರ ಪಕ್ಕದಲ್ಲೇ ಕುಳಿತಿದೆ. ಬಿ.ಪಿ. ಎಂಬ ಎರಡಕ್ಷರದಲ್ಲಾದರೂ ಗೊಂದಲವಿರದೆನ್ನೋಣವೆಂದರೆ, ಸಿಟ್ಟಾದವನನ್ನು ಕಂಡು "ಅವನಿಗೆ ಬಿ.ಪಿ. ಏರಿತು" ಎನ್ನುವ ಮಾತು ಆಗಲೇ ಊರೂರಲ್ಲಿದೆ.